ಪೋಸ್ಟರಿನಲ್ಲಿದ್ದವನು ಮತ್ತು ಪಕ್ಕದ ಮಂಚದವನು

ನಮ್ಮ ಕಾಲೇಜಿನ ಫೆಸ್ಟ್ ಶುರುವಾಗುವುದು ಒಂದು ಸದ್ದಿನಿಂದ. ಎರಡು ಸಲ ಕಾಲು ಕುಟ್ಟುವುದು, ಒಂದು ಸಲ ಚಪ್ಪಾಳೆ. ಮೆಕ್ಯಾನಿಕಲ್‌ನವರು ಶುರು ಮಾಡಿದರೆ ಸಿವಿಲ್‌ನವರು ಸೇರಿಕೊಳ್ಳುತ್ತಾರೆ, ಆಮೇಲೆ ಇಡೀ ಆಡಿಟೋರಿಯಂ ಕುಟ್ಟತೊಡಗುತ್ತದೆ. ಅದು 1977ರಲ್ಲಿ ಬಂದ ‘ವಿ ವಿಲ್ ರಾಕ್ ಯೂ’ ಹಾಡಿನ ತಾಳ ಎಂಬುದು ಅರ್ಧ ಜನಕ್ಕೆ ಗೊತ್ತೇ ಇಲ್ಲ. ಅದನ್ನು ಹಾಡಿದವನ ಪೋಸ್ಟರ್ ನನ್ನ ಮಂಚದ ಮೇಲಿನ ಗೋಡೆಯಲ್ಲಿದೆ. ಹಳದಿ ಜಾಕೆಟ್, ದಪ್ಪ ಮೀಸೆ, ಮೇಲಕ್ಕೆತ್ತಿದ ಮುಷ್ಟಿ. ಫ್ರೆಡ್ಡಿ ಮರ್ಕ್ಯುರಿ.

ಐದನೇ ಸೆಮಿಸ್ಟರಿನ ಒಂದು ರಾತ್ರಿ ನನ್ನ ರೂಮ್‌ಮೇಟ್ ಆ ಪೋಸ್ಟರಿನ ಕೆಳಗೆ ಕೂತು ನನಗೊಂದು ವಿಷಯ ಹೇಳಿದ. ಮೂರು ವಾರದ ಹಿಂದೆ ಯಾವುದೇ ಸುರಕ್ಷತೆಯಿಲ್ಲದೆ ಒಬ್ಬರ ಜೊತೆ ಇದ್ದೆ, ಅಂದಿನಿಂದ ನಿದ್ದೆ ಬರುತ್ತಿಲ್ಲ ಎಂದ. ಎರಡು ದಿನ ಜ್ವರ ಬಂದಿತ್ತಂತೆ, ಕತ್ತು ಮುಟ್ಟಿ ಮುಟ್ಟಿ ಗಂಟಿದೆಯೇ ಎಂದು ನೋಡಿಕೊಳ್ಳುತ್ತಿದ್ದ. ಎಚ್‌ಐವಿ ಎಂಬ ಪದವನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಅರ್ಥವಾಯಿತು.

ನಾನು ಧೈರ್ಯ ಹೇಳಿದೆ. ಏನೂ ಆಗಿರಲ್ಲ, ಮಲಗು ಎಂದೆ. ಬೆಳಿಗ್ಗೆ ಎದ್ದವನೇ ನನ್ನ ಸ್ಟೀಲ್ ಲೋಟವನ್ನು ಕಿಟಕಿಯ ಪಕ್ಕದಿಂದ ತೆಗೆದು ನನ್ನ ಟ್ರಂಕಿನೊಳಗೆ ಇಟ್ಟೆ. ಟವೆಲ್ಲನ್ನು ಬೇರೆ ಹಗ್ಗಕ್ಕೆ ಹಾಕಿದೆ. ಅವನು ಹಾಸಿಗೆಯಲ್ಲಿ ಎಚ್ಚರವಾಗಿಯೇ ಇದ್ದ, ಎಲ್ಲವನ್ನೂ ನೋಡಿದ. ನನಗೆ ಏನೂ ಅನ್ನಲಿಲ್ಲ. ತಲೆಯೆತ್ತಿ ಗೋಡೆಯ ಮೇಲಿನ ಪೋಸ್ಟರ್ ನೋಡಿ ಮಗ್ಗುಲು ಬದಲಿಸಿದ.

ಪೋಸ್ಟರಿನಲ್ಲಿದ್ದವನು ಏಡ್ಸ್‌ನಿಂದ ಸತ್ತವನು ಎಂಬುದು ನನಗೆ ಗೊತ್ತಿತ್ತು. ಗೋಡೆಯ ಮೇಲಿದ್ದವನನ್ನು ಪ್ರೀತಿಸುವುದು ಸುಲಭ, ಪಕ್ಕದ ಮಂಚದಲ್ಲಿದ್ದವನ ಲೋಟ ಮುಟ್ಟುವುದು ಕಷ್ಟ. ಆ ನಾಚಿಕೆಯಿಂದಲೇ ಫ್ರೆಡ್ಡಿಯ ಬದುಕನ್ನು ಮತ್ತೊಮ್ಮೆ, ಈ ಸಲ ಸರಿಯಾಗಿ ಓದಿದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ. ರೂಮ್‌ಮೇಟ್‌ನ ವಿಷಯವನ್ನು ಅವನ ಒಪ್ಪಿಗೆ ಪಡೆದೇ ಬರೆದಿದ್ದೇನೆ, ಹೆಸರಿಲ್ಲದೆ.

ಫ್ರೆಡ್ಡಿ ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಆಫ್ರಿಕಾದ ಪೂರ್ವ ಕರಾವಳಿಯ ಲವಂಗದ ದ್ವೀಪ ಜಾಂಜಿಬಾರಿನಲ್ಲಿ. ಹೆಸರು ಫಾರೂಖ್ ಬುಲ್ಸಾರಾ. ಗುಜರಾತ್ ಮೂಲದ ಪಾರ್ಸಿ ಕುಟುಂಬ. ಅಪ್ಪ ಬೋಮಿ ಬ್ರಿಟಿಷ್ ಸರ್ಕಾರದ ಕೆಲಸದಲ್ಲಿ ಕ್ಯಾಷಿಯರ್, ಅಮ್ಮ ಜೆರ್. ಎಂಟನೇ ವಯಸ್ಸಿಗೆ ಹುಡುಗನನ್ನು ಹಡಗು ಹತ್ತಿಸಿ ಭಾರತಕ್ಕೆ ಕಳಿಸಿದರು. ಸೇರಿದ್ದು ಪಂಚಗಣಿಯ ಸೇಂಟ್ ಪೀಟರ್ಸ್ ಬೋರ್ಡಿಂಗ್ ಶಾಲೆಗೆ. ಮಹಾಬಲೇಶ್ವರಕ್ಕೆ ಟ್ರಿಪ್ ಹೋದ ಬೆಳಗಾವಿ, ಹುಬ್ಬಳ್ಳಿ ಕಡೆಯವರೆಲ್ಲ ಸ್ಟ್ರಾಬೆರಿ ತಿನ್ನಲು ಇಳಿಯುವ ಅದೇ ಪಂಚಗಣಿ.

ಅಪ್ಪ ಅಮ್ಮನಿಂದ ಒಂದು ಸಮುದ್ರದಷ್ಟು ದೂರದಲ್ಲಿದ್ದ ಆ ಹುಡುಗ ಅಲ್ಲಿ ಪಿಯಾನೊ ಕಲಿತ. ರೇಡಿಯೊದಲ್ಲಿ ಕೇಳಿದ ಹಾಡನ್ನು ಹಾಗೇ ನುಡಿಸುತ್ತಿದ್ದನಂತೆ. ಗೆಳೆಯರ ಜೊತೆ ಸೇರಿ ‘ದಿ ಹೆಕ್ಟಿಕ್ಸ್’ ಎಂಬ ಬ್ಯಾಂಡ್ ಕಟ್ಟಿದ. ಫ್ರೆಡ್ಡಿ ಎಂಬ ಹೆಸರು ಬಂದದ್ದೂ ಆ ಶಾಲೆಯಲ್ಲೇ. ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿದ್ದರಿಂದ ಮುಂದಿನ ಹಲ್ಲುಗಳು ಚಾಚಿಕೊಂಡಿದ್ದವು, ಹುಡುಗರು ಛೇಡಿಸುತ್ತಿದ್ದರು. ಮುಂದೆ ಕೋಟಿಗಟ್ಟಲೆ ದುಡಿದಾಗಲೂ ಆತ ಆ ಹಲ್ಲುಗಳನ್ನು ಸರಿಪಡಿಸಿಕೊಳ್ಳಲಿಲ್ಲ. ಕಾರಣ, ಸರಿಪಡಿಸಿದರೆ ದನಿ ಕೆಡಬಹುದೆಂಬ ಭಯ.

1963ರಲ್ಲಿ ಜಾಂಜಿಬಾರಿಗೆ ಮರಳಿದ. ಮರುವರ್ಷವೇ ಅಲ್ಲಿ ಕ್ರಾಂತಿಯಾಯಿತು, ಅರಬರು ಮತ್ತು ಭಾರತೀಯರು ಜೀವ ಉಳಿಸಿಕೊಳ್ಳಲು ಓಡಬೇಕಾಯಿತು. ಬುಲ್ಸಾರಾ ಕುಟುಂಬ ಲಂಡನ್ ಅಂಚಿನ ಫೆಲ್ಥಮ್ ಎಂಬಲ್ಲಿಗೆ ಬಂದಿಳಿಯಿತು. ಆಗ ಫ್ರೆಡ್ಡಿಗೆ ಹದಿನೇಳು ವರ್ಷ. ಈಲಿಂಗ್ ಆರ್ಟ್ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದಿದ, ಹೀಥ್ರೂ ಏರ್‌ಪೋರ್ಟಿನಲ್ಲಿ ಲಗೇಜ್ ಹೊತ್ತ, ಕೆನ್ಸಿಂಗ್ಟನ್ ಮಾರ್ಕೆಟ್ಟಿನಲ್ಲಿ ಹಳೆಯ ಬಟ್ಟೆ ಮಾರಿದ.

1970ರಲ್ಲಿ ಬ್ರಯಾನ್ ಮೇ, ರೋಜರ್ ಟೇಲರ್ ಜೊತೆ ಸೇರಿ ಕ್ವೀನ್ ಬ್ಯಾಂಡ್ ಕಟ್ಟಿದ. ಮರುವರ್ಷ ಜಾನ್ ಡೀಕನ್ ಬಂದ. ಇಂಜಿನಿಯರಿಂಗ್ ಓದುವ ನಮಗೆ ಈ ಬ್ಯಾಂಡ್ ಇಷ್ಟವಾಗಲು ಇನ್ನೊಂದು ಕಾರಣವಿದೆ. ಡೀಕನ್ ಎಲೆಕ್ಟ್ರಾನಿಕ್ಸ್ ಪದವೀಧರ. ಕಸದಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡಿನಿಂದ ಆತ ಮಾಡಿದ ಪುಟ್ಟ ಆಂಪ್ಲಿಫೈಯರ್ ಕ್ವೀನ್ ಹಾಡುಗಳಲ್ಲಿ ಬಳಕೆಯಾಗಿದೆ. ಬ್ರಯಾನ್ ಮೇ ತನ್ನ ಗಿಟಾರನ್ನು ಅಪ್ಪನ ಜೊತೆ ಕೂತು ಹಳೆಯ ಅಗ್ಗಿಷ್ಟಿಕೆಯ ಮರದಿಂದ ಮನೆಯಲ್ಲೇ ಮಾಡಿಕೊಂಡವನು, ಆಮೇಲೆ 2007ರಲ್ಲಿ ಖಭೌತಶಾಸ್ತ್ರದಲ್ಲಿ ಪಿಎಚ್.ಡಿ.ಯನ್ನೂ ಮುಗಿಸಿದ. ಇವರ ನಡುವೆ ಫ್ರೆಡ್ಡಿ ಬ್ಯಾಂಡಿನ ಹೆಸರು ಆರಿಸಿದ, ಲಾಂಛನ ಬಿಡಿಸಿದ, ತನ್ನ ಹೆಸರಿಗೆ ಮರ್ಕ್ಯುರಿ ಸೇರಿಸಿಕೊಂಡ.

1975ರಲ್ಲಿ ‘ಬೊಹಿಮಿಯನ್ ರಾಪ್ಸಡಿ’ ಬಂತು. ಸುಮಾರು ಆರು ನಿಮಿಷದ ಹಾಡು, ರೇಡಿಯೊಗೆ ಇದು ಉದ್ದವಾಯಿತೆಂದು ಕಂಪನಿಯವರು ತಲೆ ಕೆಡಿಸಿಕೊಂಡರು. ಮೂರೇ ಜನ ಹಾಡಿದ್ದನ್ನು ಟೇಪಿನ ಮೇಲೆ ಮತ್ತೆ ಮತ್ತೆ ಹೇರಿ ದೊಡ್ಡ ಗಾಯನವೃಂದದಂತೆ ಕೇಳಿಸಿದರು. ಅದು ಒಂಬತ್ತು ವಾರ ಬ್ರಿಟನ್ನಿನಲ್ಲಿ ಮೊದಲ ಸ್ಥಾನದಲ್ಲಿತ್ತು.

ಇಲ್ಲಿಯವರೆಗಿನ ಕಥೆ ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಇನ್ನು ಮುಂದಿನದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೇರಿ ಆಸ್ಟಿನ್ ಎಂಬಾಕೆಯ ಜೊತೆ ಫ್ರೆಡ್ಡಿ ಕೆಲವು ವರ್ಷ ಬಾಳಿದ. ಆಮೇಲೆ ತನಗೆ ಗಂಡಸರ ಮೇಲೂ ಒಲವಿದೆ ಎಂದು ಅವಳ ಮುಂದೆ ಒಪ್ಪಿಕೊಂಡ. ಸಂಬಂಧದ ರೂಪ ಬದಲಾಯಿತು, ಸ್ನೇಹ ಕೊನೆತನಕ ಉಳಿಯಿತು. ನಂತರದ ವರ್ಷಗಳಲ್ಲಿ ನ್ಯೂಯಾರ್ಕ್, ಮ್ಯೂನಿಕ್ ನಗರಗಳ ರಾತ್ರಿ ಬದುಕಿನಲ್ಲಿ ಮುಳುಗಿದ. ಸಂಗಾತಿಗಳು ಅನೇಕರಿದ್ದರು. ಅದನ್ನು ಓದುವಾಗ ಒಂದು ಮಾತು ನೆನಪಿಡಬೇಕು. ಆಗ ಅಂಥದ್ದೊಂದು ವೈರಸ್ ಇದೆಯೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ವೈದ್ಯರು ಈ ವಿಚಿತ್ರ ಕಾಯಿಲೆಯನ್ನು ಮೊದಲು ವರದಿ ಮಾಡಿದ್ದು 1981ರ ಜೂನ್‌ನಲ್ಲಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ವೈರಸ್ಸನ್ನು ಗುರುತಿಸಿದ್ದು 1983ರಲ್ಲಿ. ರಕ್ತದಲ್ಲಿ ಅದರ ಸುಳಿವು ಹಿಡಿಯುವ ಪರೀಕ್ಷೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1985ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಹೆದರಿದವನಿಗೆ ಪರೀಕ್ಷೆ ಎಂಬ ದಾರಿಯೇ ಇರಲಿಲ್ಲ. ಕನ್ನಡಿ ಮುಂದೆ ನಿಂತು ಮೈಮೇಲೆ ಕಲೆ ಹುಡುಕುವುದೊಂದೇ ಉಳಿದಿತ್ತು.

ಅದೇ 1985ರ ಜುಲೈ 13ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ಲೈವ್ ಏಡ್ ಕಾರ್ಯಕ್ರಮ ನಡೆಯಿತು. ಕ್ವೀನ್‌ಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಫ್ರೆಡ್ಡಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೈಸನ್ನೆಯಲ್ಲೇ ಕುಣಿಸಿದ. 2018ರ ಸಿನಿಮಾದಲ್ಲಿ ಆತ ಈ ಕಾರ್ಯಕ್ರಮಕ್ಕೆ ಮೊದಲೇ ತನಗೆ ಕಾಯಿಲೆಯಿದೆ ಎಂದು ಗೆಳೆಯರಿಗೆ ಹೇಳುವ ದೃಶ್ಯವಿದೆ. ನಾನೂ ಅದನ್ನು ನೋಡಿ ಅತ್ತಿದ್ದೆ. ಆದರೆ ಅದು ನಿಜವಲ್ಲ. ಆತನಿಗೆ ಸೋಂಕು ಖಚಿತವಾಗಿದ್ದು 1987ರಲ್ಲಿ.

1986ರಲ್ಲಿ ಆತ ರಹಸ್ಯವಾಗಿ ರಕ್ತಪರೀಕ್ಷೆ ಮಾಡಿಸಿದ್ದಾನೆಂದು ಲಂಡನ್ ಪತ್ರಿಕೆಗಳಲ್ಲಿ ಸುದ್ದಿ ಬಂತು, ಆತ ನಿರಾಕರಿಸಿದ. ಪರೀಕ್ಷೆಗೆ ಹೋದದ್ದೇ ಒಂದು ಅಪರಾಧ ಎಂಬಂತೆ ಬರೆಯುತ್ತಿದ್ದ ಕಾಲ ಅದು. ಆ ವರ್ಷ ಆಗಸ್ಟ್ 9ರಂದು ನೆಬ್‌ವರ್ತ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜನರೆದುರು ಹಾಡಿದ್ದೇ ಕ್ವೀನ್ ಜೊತೆಗಿನ ಆತನ ಕೊನೆಯ ಕಾರ್ಯಕ್ರಮವಾಯಿತು.

1987ರ ವಸಂತದಲ್ಲಿ ವೈದ್ಯರು ವಿಷಯ ತಿಳಿಸಿದರು. ಆಗ ಆತನ ಜೊತೆಗಿದ್ದವನು ಜಿಮ್ ಹಟನ್, ಕ್ಷೌರದ ಕೆಲಸ ಮಾಡುತ್ತಿದ್ದ ಐರ್ಲೆಂಡಿನವನು. ಬಿಟ್ಟು ಹೋಗಬೇಕೆನಿಸಿದರೆ ಹೋಗು, ನನಗೆ ಬೇಸರವಿಲ್ಲ ಎಂದು ಫ್ರೆಡ್ಡಿ ಅವನಿಗೆ ಹೇಳಿದನಂತೆ. ಜಿಮ್ ಹೋಗಲಿಲ್ಲ. ಕೊನೆಯ ದಿನದವರೆಗೂ ಅದೇ ಮನೆಯಲ್ಲಿ ಆರೈಕೆ ಮಾಡಿದ. ಇದನ್ನು ಓದಿದಾಗ ಟ್ರಂಕಿನಲ್ಲಿದ್ದ ನನ್ನ ಸ್ಟೀಲ್ ಲೋಟ ನೆನಪಾಯಿತು.

ಇನ್ನೂ ಒಂದು ಸಂಗತಿ. ಅದೇ 1987ರ ಏಪ್ರಿಲ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಏಡ್ಸ್ ವಾರ್ಡ್ ಉದ್ಘಾಟಿಸಲು ಬಂದ ರಾಜಕುಮಾರಿ ಡಯಾನಾ, ರೋಗಿಯೊಬ್ಬನ ಕೈಯನ್ನು ಗ್ಲೌಸ್ ಇಲ್ಲದೆ ಕುಲುಕಿದಳು. ಆ ಫೋಟೊ ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಕೈ ಕುಲುಕಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಒಂದೇ ಶೌಚಾಲಯ ಬಳಸಿದರೆ, ಸೊಳ್ಳೆ ಕಚ್ಚಿದರೆ ಈ ವೈರಸ್ ಹರಡುವುದಿಲ್ಲ ಎಂಬುದು ಅಂದೇ ಗೊತ್ತಿತ್ತು. ಅದಾಗಿ ಇಷ್ಟು ವರ್ಷವಾದ ಮೇಲೆ, ವಿಜ್ಞಾನದ ವಿದ್ಯಾರ್ಥಿ ಎನಿಸಿಕೊಂಡ ನಾನು ಟವೆಲ್ಲನ್ನು ಬೇರೆ ಹಗ್ಗಕ್ಕೆ ಹಾಕಿದ್ದೆ.

ಆಗ ಚಿಕಿತ್ಸೆ ಎಂದರೆ ಎಝೆಡ್‌ಟಿ ಎಂಬ ಒಂದೇ ಔಷಧ. ಅದಕ್ಕೂ ಒಪ್ಪಿಗೆ ಸಿಕ್ಕಿದ್ದು 1987ರಲ್ಲೇ. ಅದು ಸಾವನ್ನು ಸ್ವಲ್ಪ ಮುಂದೂಡುತ್ತಿತ್ತು, ಅಷ್ಟೆ. ಇಂಥ ಸ್ಥಿತಿಯಲ್ಲಿ ಫ್ರೆಡ್ಡಿ ಮಾಡಿದ್ದು ಕೆಲಸ. ಬಾರ್ಸಿಲೋನಾದ ಒಪೆರಾ ಗಾಯಕಿ ಮೊನ್ಸೆರಾತ್ ಕಬಾಯೆ ಜೊತೆ ಇಡೀ ಆಲ್ಬಂ ಮಾಡಿದ. ಕ್ವೀನ್ ಜೊತೆ 1989ರಲ್ಲೊಂದು, 1991ರಲ್ಲೊಂದು ಆಲ್ಬಂ ತಂದ. ಸ್ವಿಟ್ಜರ್ಲೆಂಡಿನ ಮೊಂತ್ರೂ ಊರಿನ ಸ್ಟುಡಿಯೊದಲ್ಲಿ, ನಿಲ್ಲಲು ಕಷ್ಟವಾಗುತ್ತಿದ್ದಾಗಲೂ ಮೈಕ್ ಮುಂದೆ ನಿಂತು ಹಾಡಿದ. 1991ರ ಮೇ ತಿಂಗಳಲ್ಲಿ ಚಿತ್ರಿಸಿದ ಕೊನೆಯ ವಿಡಿಯೊ ಕಪ್ಪು ಬಿಳುಪಿನಲ್ಲಿದೆ. ಮುಖಕ್ಕೆ ದಪ್ಪ ಮೇಕಪ್, ತೆಳ್ಳಗಾದ ಮೈ, ಕಣ್ಣು ಮಾತ್ರ ಹಾಗೇ ಇವೆ. ‘ಮದರ್ ಲವ್’ ಎಂಬ ಹಾಡಿನ ಕೊನೆಯ ಚರಣ ಹಾಡಲು ಆತ ಮತ್ತೆ ಸ್ಟುಡಿಯೊಗೆ ಬರಲಿಲ್ಲ. ಅದನ್ನು ಬ್ರಯಾನ್ ಮೇ ಹಾಡಿ ಮುಗಿಸಬೇಕಾಯಿತು.

1991ರ ನವೆಂಬರ್ 23ರಂದು ಫ್ರೆಡ್ಡಿ ಪತ್ರಿಕಾ ಹೇಳಿಕೆ ಕೊಟ್ಟ. ತನಗೆ ಏಡ್ಸ್ ಇರುವುದು ನಿಜ, ಹತ್ತಿರದವರ ಖಾಸಗಿತನ ಕಾಪಾಡಲೆಂದು ಇಷ್ಟು ದಿನ ಹೇಳಿರಲಿಲ್ಲ, ಈಗ ಎಲ್ಲರೂ ವೈದ್ಯರ ಜೊತೆ ಸೇರಿ ಈ ಕಾಯಿಲೆಯ ವಿರುದ್ಧ ಹೋರಾಡಬೇಕು ಎಂಬುದು ಅದರ ಸಾರಾಂಶ. ಮರುದಿನ ಸಂಜೆ ಕೆನ್ಸಿಂಗ್ಟನ್ನಿನ ಮನೆಯಲ್ಲಿ ತೀರಿಕೊಂಡ. ನಲವತ್ತೈದು ವರ್ಷ. ಪಾರ್ಸಿ ಪುರೋಹಿತರು ಪ್ರಾರ್ಥನೆ ಹೇಳಿದರು, ದಹನ ಸಂಸ್ಕಾರ ನಡೆಯಿತು.

ಮೊದಲೇ ಹೇಳಿದ್ದರೆ ಎಷ್ಟೋ ಜನರಿಗೆ ಧೈರ್ಯ ಬರುತ್ತಿತ್ತು ಎಂದು ಕೆಲವರು ಆತನನ್ನು ದೂರಿದರು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಊರಿಗೆಲ್ಲ ಹೇಳುವ ಸಾಲ ಆತನ ಮೇಲಿರಲಿಲ್ಲ. ಡಾಕ್ಟರಿಗೆ ಹೇಳಿದ, ಜೊತೆಗಿದ್ದವನಿಗೆ ಹೇಳಿದ, ಬ್ಯಾಂಡಿನವರಿಗೆ ಹೇಳಿದ. ಹೇಳಲೇಬೇಕಾದವರು ಅವರೇ.

ನನ್ನನ್ನು ಹೆಚ್ಚು ಕಾಡಿದ್ದು ಜಿಮ್ ಹಟನ್‌ನ ಕಥೆ. 1990ರಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಅವನಿಗೂ ಸೋಂಕಿರುವುದು ಗೊತ್ತಾಯಿತು. ಆದರೆ 1996ರ ಹೊತ್ತಿಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂತು. ಜಿಮ್ ತೀರಿಕೊಂಡದ್ದು 2010ರಲ್ಲಿ, ಅದೂ ಕ್ಯಾನ್ಸರಿನಿಂದ. ಒಂದೇ ಮನೆ, ಒಂದೇ ವೈರಸ್. ಒಬ್ಬನಿಗೆ ಔಷಧ ಬರುವ ಮುಂಚೆ ಕಾಲ ಮುಗಿಯಿತು, ಇನ್ನೊಬ್ಬ ಸುಮಾರು ಇಪ್ಪತ್ತು ವರ್ಷ ಬದುಕಿದ.

ಇಷ್ಟನ್ನೂ ಓದಿದ ಮೇಲೆ ನಾನು ಲೋಟವನ್ನು ಟ್ರಂಕಿನಿಂದ ತೆಗೆದು ಮತ್ತೆ ಕಿಟಕಿಯ ಹತ್ತಿರ ಇಟ್ಟೆ. ರೂಮ್‌ಮೇಟ್‌ಗೆ ಸಾರಿ ಕೇಳಿದೆ. ಮರುದಿನ ಇಬ್ಬರೂ ಕ್ಲಾಸ್ ಬಂಕ್ ಮಾಡಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ಐಸಿಟಿಸಿ ಎಂಬ ಕೋಣೆಯಿದೆ, ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಬಾಗಿಲ ಮುಂದೆ ಹತ್ತು ನಿಮಿಷ ಸುಮ್ಮನೆ ಸುತ್ತಾಡಿದೆವು. ಪರಿಚಯದವರು ಯಾರಾದರೂ ಕಂಡರೆ ಏನು ಹೇಳುವುದೆಂದು ನಾನೊಂದು ಸುಳ್ಳನ್ನೂ ರೆಡಿ ಮಾಡಿಕೊಂಡಿದ್ದೆ. ಕೊನೆಗೆ ಒಳಗೆ ಹೋದೆವು.

ಒಳಗಿದ್ದ ಸಮಾಲೋಚಕಿ ನಮ್ಮ ಅಕ್ಕನ ವಯಸ್ಸಿನವರು. ಯಾರ ಜೊತೆ, ಯಾಕೆ ಹೋದೆ ಎಂದು ಬೈಯಲಿಲ್ಲ. ಯಾವಾಗ ಎಂದಷ್ಟೇ ಕೇಳಿದರು. ಮೂರು ವಾರ ದಾಟಿದೆ ಎಂದಾಗ ಅವರು ವಿವರಿಸಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು.

ಸೋಂಕು ತಗುಲಿರಬಹುದು ಎಂಬ ಅನುಮಾನವಿದ್ದರೆ ಎಪ್ಪತ್ತೆರಡು ಗಂಟೆಯೊಳಗೆ ವೈದ್ಯರ ಬಳಿ ಹೋಗಬೇಕು. ಅಗತ್ಯವಿದ್ದರೆ ಅವರು ಪಿಇಪಿ ಎಂಬ ಮಾತ್ರೆ ಶುರು ಮಾಡುತ್ತಾರೆ. ಅದನ್ನು 28 ದಿನ ತಪ್ಪದೆ ತೆಗೆದುಕೊಂಡರೆ ವೈರಸ್ ಬೇರೂರುವುದನ್ನು ಬಹುಮಟ್ಟಿಗೆ ತಡೆಯಬಹುದು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ನನ್ನ ರೂಮ್‌ಮೇಟ್ ಆ ಮೂರು ದಿನಗಳನ್ನು ಮೊಬೈಲಿನಲ್ಲಿ ರೋಗಲಕ್ಷಣ ಹುಡುಕುವುದರಲ್ಲಿ ಕಳೆದಿದ್ದ.

ಎರಡನೆಯದು, ವಿಂಡೋ ಪೀರಿಯಡ್. ನಾನು ಓದುವ ಎಲೆಕ್ಟ್ರಾನಿಕ್ಸ್ ಭಾಷೆಯಲ್ಲಿ ಹೇಳುವುದಾದರೆ, ಪ್ರತಿಯೊಂದು ಸೆನ್ಸರ್‌ಗೂ ಒಂದು ಥ್ರೆಶೋಲ್ಡ್ ಇರುತ್ತದೆ. ಸಿಗ್ನಲ್ ಅದಕ್ಕಿಂತ ಕಡಿಮೆಯಿದ್ದರೆ ಸೆನ್ಸರ್ ಸೊನ್ನೆ ತೋರಿಸುತ್ತದೆ, ಹಾಗೆಂದು ಸಿಗ್ನಲ್ ಇಲ್ಲವೆಂದಲ್ಲ. ಸೋಂಕು ತಗುಲಿದ ಮೇಲೆ ದೇಹ ಪ್ರತಿಕಾಯ ತಯಾರಿಸಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಪರೀಕ್ಷೆ ನೆಗೆಟಿವ್ ಎನ್ನಬಹುದು. ಆದ್ದರಿಂದ ಮೊದಲ ಪರೀಕ್ಷೆ ಈಗ, ಇನ್ನೊಂದು ಮೂರು ತಿಂಗಳು ತುಂಬಿದ ಮೇಲೆ. ನಡುವೆ ಕಾಂಡೋಮ್ ಇಲ್ಲದೆ ಯಾರ ಜೊತೆಗೂ ಸೇರಬಾರದು, ರಕ್ತದಾನ ಮಾಡಬಾರದು. ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳನ್ನೂ ಮರೆಯಬಾರದು. ಜ್ವರ, ಗಂಟು, ಗಂಟಲು ನೋವು ಸಾವಿರ ಕಾರಣಕ್ಕೆ ಬರುತ್ತವೆ, ಅವನ್ನು ನೋಡಿ ಯಾರೂ ತೀರ್ಪು ಕೊಡಲಾಗದು. ರಕ್ತವೇ ಹೇಳಬೇಕು.

ಮೂರನೆಯದು, ಗುಟ್ಟು. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ, ಓದು, ಕೆಲಸ, ಬಾಡಿಗೆ ಮನೆ ಯಾವುದರಲ್ಲೂ ಭೇದ ಮಾಡುವಂತಿಲ್ಲ. ಪರೀಕ್ಷೆ ಉಚಿತ. ಸೋಂಕು ಖಚಿತವಾದರೆ ಚಿಕಿತ್ಸೆಯೂ ಉಚಿತ, ನಮ್ಮ ದೇಶದಲ್ಲಿ ಅದು 2004ರಿಂದ ಇದೆ. ದಿನವೂ ತಪ್ಪದೆ ಮಾತ್ರೆ ತೆಗೆದುಕೊಂಡು ರಕ್ತದಲ್ಲಿನ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಅದು ಹರಡುವುದಿಲ್ಲ. ಮದುವೆ, ಮಕ್ಕಳು ಎಲ್ಲವೂ ಸಾಧ್ಯ. ಹೋಗಲು ಹೆದರಿಕೆಯಾದರೆ 1097ಕ್ಕೆ ಫೋನ್ ಮಾಡಿ ಕೇಳಬಹುದು.

ಭಾರತದಲ್ಲಿ ಈ ವೈರಸ್ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ನಿರ್ಮಲಾ ಎಂಬ ವಿದ್ಯಾರ್ಥಿನಿ ತನ್ನ ಪ್ರಬಂಧಕ್ಕಾಗಿ ರಕ್ತದ ಮಾದರಿ ಸಂಗ್ರಹಿಸಿದ್ದರು. ನಮ್ಮಂತೆಯೇ ಓದುತ್ತಿದ್ದವರು. ಅವರು ಹೆದರಿ ಬಿಟ್ಟಿದ್ದರೆ ನಮಗೆ ಗೊತ್ತಾಗುವುದು ಇನ್ನೆಷ್ಟು ತಡವಾಗುತ್ತಿತ್ತೋ.

ರೂಮ್‌ಮೇಟ್ ರಕ್ತ ಕೊಟ್ಟ. ನಾವು ಹೊರಗಿನ ಕಲ್ಲುಬೆಂಚಿನ ಮೇಲೆ ಕಾದೆವು. ಅವನು ಕಾಲು ಅಲ್ಲಾಡಿಸುತ್ತಿದ್ದ, ಕೇಳುತ್ತಾ ಕೂತರೆ ಅದೇ ಫೆಸ್ಟಿನ ತಾಳ. ಕರೆದಾಗ ಅವನೊಬ್ಬನೇ ಒಳಗೆ ಹೋದ. ಮೂರು ತಿಂಗಳ ನಂತರ ಎರಡನೇ ಪರೀಕ್ಷೆಗೂ ಜೊತೆಯಲ್ಲಿ ಹೋದೆ.

ಫಲಿತಾಂಶ ಏನು ಬಂತು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವನದು. ನೆಗೆಟಿವ್ ಬಂದಿದ್ದರೆ ಅವನು ಒಳ್ಳೆಯ ಹುಡುಗ, ಪಾಸಿಟಿವ್ ಬಂದಿದ್ದರೆ ಕೆಟ್ಟವನು ಎಂದೇನಿಲ್ಲ. ಇಷ್ಟು ಹೇಳಬಲ್ಲೆ, ಈಗ ಅವನಿಗೆ ನಿದ್ದೆ ಬರುತ್ತದೆ. ಈ ವಾರ ಇಂಟರ್ನಲ್ಸ್ ಇದೆ, ನನ್ನ ನೋಟ್ಸ್ ಅವನ ಹತ್ತಿರವಿದೆ. ನನ್ನ ಲೋಟದಲ್ಲೇ ಚಹಾ ಕುಡಿಯುತ್ತಾನೆ, ತೊಳೆದಿಡುವುದಿಲ್ಲ. ಅದೊಂದು ವಿಷಯಕ್ಕೆ ಮಾತ್ರ ನಮ್ಮಿಬ್ಬರ ನಡುವೆ ಜಗಳ.